ಭೂಮಿಗೆ ಸಿಕ್ಕ ಮತ: ನ್ಯೂಜಿಲೆಂಡ್‌ನ ಚೆವಿಯಟ್ ಕ್ಷೇತ್ರ, 1859–1890

ನ್ಯೂಜಿಲೆಂಡ್‌ನ ದಕ್ಷಿಣ ದ್ವೀಪದ ಪೂರ್ವ ಕರಾವಳಿಯಲ್ಲಿ ಹುರುನುಯಿ ಮತ್ತು ವೈಯಾವು ಎಂಬ ಎರಡು ನದಿಗಳು ಸಮುದ್ರ ಸೇರುತ್ತವೆ. ಅವುಗಳ ನಡುವಿನ ಗುಡ್ಡಗಾಡು ಹುಲ್ಲುಗಾವಲಿಗೆ ಬ್ರಿಟಿಷ್ ವಲಸಿಗರು ಚೆವಿಯಟ್ ಹಿಲ್ಸ್ ಎಂದು ಹೆಸರಿಟ್ಟರು. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್‌ಗಳ ಗಡಿಯಲ್ಲಿರುವ ಬೆಟ್ಟಸಾಲಿನ ಹೆಸರು ಅದು. ಇದೇ ಹೆಸರಿನ ಸಂಸತ್ ಕ್ಷೇತ್ರವೊಂದು 1859ರಿಂದ 1890ರವರೆಗೆ ಅಸ್ತಿತ್ವದಲ್ಲಿತ್ತು. ವಸಾಹತಿನ ರಾಜಕೀಯ ಚರಿತ್ರೆಗಳಲ್ಲಿ ಇದರ ಪ್ರಸ್ತಾಪ ಬರುವುದು ಬಹುಮಟ್ಟಿಗೆ ಸದಸ್ಯರ ಪಟ್ಟಿಯ ರೂಪದಲ್ಲಿ: ಯಾರು ಗೆದ್ದರು, ಯಾವ ವರ್ಷ ಗೆದ್ದರು, ಯಾವಾಗ ರಾಜೀನಾಮೆ ಕೊಟ್ಟರು. ಆ ಪಟ್ಟಿಯನ್ನು ಭೂಮಿಯ ದಾಖಲೆಗಳ ಪಕ್ಕದಲ್ಲಿಟ್ಟು ಓದಿದರೆ ಬೇರೊಂದು ಕಥೆ ಕಾಣುತ್ತದೆ. ಚೆವಿಯಟ್ ಕ್ಷೇತ್ರ ತನ್ನ ಆಯುಷ್ಯದ ಬಹುಪಾಲು ಹುಲ್ಲುಗಾವಲನ್ನೂ ಉಣ್ಣೆಯನ್ನೂ ಪ್ರತಿನಿಧಿಸಿತು. ಅಲ್ಲಿಗೆ ಜನ ಬಂದು ನೆಲೆಸುವ ಹೊತ್ತಿಗೆ ಕ್ಷೇತ್ರವೇ ಉಳಿದಿರಲಿಲ್ಲ.

ಇದರ ಬೀಜ 1852ರ ಸಂವಿಧಾನ ಕಾಯ್ದೆಯಲ್ಲಿದೆ. ಆ ಕಾಯ್ದೆಯ ಪ್ರಕಾರ ಮತ ಹಾಕಲು 21 ವರ್ಷ ತುಂಬಿದ ಗಂಡಸು 50 ಪೌಂಡ್ ಬೆಲೆಯ ಸ್ವಂತ ಭೂಮಿಯನ್ನೋ, ವರ್ಷಕ್ಕೆ 10 ಪೌಂಡ್ ಬೆಲೆಯ ಗುತ್ತಿಗೆಯನ್ನೋ ಹೊಂದಿರಬೇಕಿತ್ತು. ಮನೆಯ ಬಾಡಿಗೆಯ ಆಧಾರದ ಮೇಲೆ ಮತ ಕೇಳುವವನಿಗೆ ಪಟ್ಟಣದಲ್ಲಿ 10 ಪೌಂಡ್, ಹಳ್ಳಿಗಾಡಿನಲ್ಲಿ 5 ಪೌಂಡ್ ಮಿತಿ. ಅಂದಿನ ಇಂಗ್ಲೆಂಡ್‌ಗೆ ಹೋಲಿಸಿದರೆ ಇದು ಉದಾರವಾದ ಮತದಾನದ ಹಕ್ಕು ಎಂದು ಚರಿತ್ರಕಾರರು ಸರಿಯಾಗಿಯೇ ಗುರುತಿಸಿದ್ದಾರೆ. ಆದರೆ ಈ ಉದಾರತೆಗೆ ಎರಡು ಮುಖಗಳಿದ್ದವು. ಒಬ್ಬನಿಗೆ ನಾಲ್ಕು ಕ್ಷೇತ್ರಗಳಲ್ಲಿ ಆಸ್ತಿ ಇದ್ದರೆ ನಾಲ್ಕು ಮತಗಳು. ಚುನಾವಣೆಗಳು ಬೇರೆ ಬೇರೆ ದಿನಗಳಲ್ಲಿ ನಡೆಯುತ್ತಿದ್ದುದರಿಂದ ಕುದುರೆಯೇರಿ ಹೋಗಿ ಅಷ್ಟನ್ನೂ ಚಲಾಯಿಸಬಹುದಿತ್ತು. ಇಡೀ ಬುಡಕಟ್ಟಿನ ಒಡೆತನದಲ್ಲಿ ಭೂಮಿಯನ್ನಿಟ್ಟುಕೊಂಡ, ನ್ಯೂಜಿಲೆಂಡ್‌ನ ಮೂಲನಿವಾಸಿಗಳಾದ ಮಾವೊರಿಗಳಿಗಾದರೋ ಸ್ವಂತ ಹೆಸರಿನ ಪತ್ರವಿಲ್ಲವೆಂಬ ಕಾರಣಕ್ಕೆ ಮತ ದಕ್ಕಲಿಲ್ಲ. ಕಾಯ್ದೆ ಎಲ್ಲಿಯೂ ಜನಾಂಗದ ಹೆಸರೆತ್ತಲಿಲ್ಲ. ಎತ್ತಬೇಕಾದ ಅಗತ್ಯವೇ ಇರಲಿಲ್ಲ.

ಚೆವಿಯಟ್‌ನ ನೆಲ ಕ್ಷೇತ್ರವಾಗುವ ಮೊದಲೇ ಒಂದು ದೊಡ್ಡ ಅನ್ಯಾಯಕ್ಕೆ ಒಳಗಾಗಿತ್ತು. 1847ರಲ್ಲಿ ಬ್ರಿಟಿಷ್ ಸರ್ಕಾರ ವೈರಾವು ಖರೀದಿಯ ಹೆಸರಿನಲ್ಲಿ ಉತ್ತರದ ನ್ಗಾತಿ ತೊಆ ಬುಡಕಟ್ಟಿನ ಮುಖಂಡರಿಗೆ 3,000 ಪೌಂಡ್ ಕೊಟ್ಟು ದಕ್ಷಿಣದಲ್ಲಿ ಕೈಯಾಪೊಯಿಯವರೆಗಿನ ಭೂಮಿಯನ್ನು ಬರೆಸಿಕೊಂಡಿತು. ಅದರ ದಕ್ಷಿಣ ಭಾಗ ತಮ್ಮದು ಎಂಬ ನ್ಗಾಯ್ ತಾಹು ಬುಡಕಟ್ಟಿನ ಮಾತಿಗೆ ಬೆಲೆ ಸಿಗಲಿಲ್ಲ. ಹತ್ತು ವರ್ಷಗಳ ಬಳಿಕ ಅವರ ಹಕ್ಕನ್ನು ಒಪ್ಪಿಕೊಳ್ಳಬೇಕಾಗಿ ಬಂದಾಗ ಆ ಬಯಲುಗಳಲ್ಲಿ ಆಗಲೇ ವಲಸಿಗರ ಕುರಿಗಳು ಮೇಯುತ್ತಿದ್ದವು. 1859ರ ಕೈಕೌರ ಖರೀದಿಯಲ್ಲಿ ಅಪಾರ ವಿಸ್ತಾರದ ನೆಲಕ್ಕೆ ಅವರ ಕೈಗೆ ಬಂದದ್ದು 300 ಪೌಂಡ್. ಚೆವಿಯಟ್‌ನ ಮೊದಲ ಪ್ರತಿನಿಧಿ ಆಯ್ಕೆಯಾದದ್ದು ಅದೇ ವರ್ಷ. ಈ ಎರಡು ಘಟನೆಗಳನ್ನು ಬೇರೆ ಬೇರೆ ಅಧ್ಯಾಯಗಳಲ್ಲಿ ಬರೆಯುವ ರೂಢಿಯನ್ನು ನಾನು ಒಪ್ಪಲಾರೆ.

ಮೊದಲ ಸದಸ್ಯ ಎಡ್ವರ್ಡ್ ಜೋಲಿ ಮೋಜಣಿದಾರ. 1850ರಲ್ಲಿ ಕ್ರೈಸ್ಟ್‌ಚರ್ಚ್ ನಗರದ ಬೀದಿಗಳ ನಕ್ಷೆ ಹಾಕಿದವನು ಅವನೇ. ಮುಂದೆ ಎಡ್ವರ್ಡ್ ಲೀ ಎಂಬವನ ಜೊತೆಗೂಡಿ ಉತ್ತರದಿಂದ ಬೆಟ್ಟಗಳನ್ನು ದಾಟಿಸಿ ಕುರಿಮಂದೆಗಳನ್ನು ತಂದು ವೈಯಾವು ನದಿಯಾಚೆ ಪರ್ನಾಸಸ್ ಎಂಬಲ್ಲಿ ನೆಲೆಯೂರಿದ. ಭೂಮಿಯನ್ನು ಅಳೆದವನೇ ಅದರಲ್ಲಿ ಕುರಿ ಮೇಯಿಸಿ, ಅದರ ಪರವಾಗಿ ಸಂಸತ್ತಿನಲ್ಲಿ ಕುಳಿತದ್ದು ಆ ಕಾಲದ ವಸಾಹತಿನಲ್ಲಿ ಅಪರೂಪವೇನಲ್ಲ.

ಆಡಳಿತದ ದೃಷ್ಟಿಯಿಂದ ಈ ಪ್ರದೇಶ ವಿಚಿತ್ರ ಸ್ಥಿತಿಯಲ್ಲಿತ್ತು. ಹುರುನುಯಿ ನದಿ ನೆಲ್ಸನ್ ಮತ್ತು ಕ್ಯಾಂಟರ್ಬರಿ ಪ್ರಾಂತ್ಯಗಳ ಗಡಿ. ನದಿಯ ಉತ್ತರಕ್ಕಿದ್ದ ಚೆವಿಯಟ್ ಹಿಲ್ಸ್ ಕಾಗದದ ಮೇಲೆ ನೆಲ್ಸನ್‌ಗೆ ಸೇರಿದ್ದು. ಆದರೆ ನೆಲ್ಸನ್ ಪಟ್ಟಣ ಬೆಟ್ಟಗಳಾಚೆ, ದ್ವೀಪದ ಉತ್ತರ ತುದಿಯಲ್ಲಿ. ವ್ಯಾಪಾರ, ಬ್ಯಾಂಕು, ಬಂಧುಬಳಗವೆಲ್ಲ ದಕ್ಷಿಣದ ಕ್ರೈಸ್ಟ್‌ಚರ್ಚ್ ಕಡೆಗೆ. 1876ರಲ್ಲಿ ಪ್ರಾಂತ್ಯಗಳು ರದ್ದಾಗುವವರೆಗೂ ಈ ಎಳೆದಾಟ ಮುಗಿಯಲಿಲ್ಲ. ಸದಸ್ಯರು ಒಮ್ಮೆ ನೆಲ್ಸನ್ ಕಡೆಯವರು, ಒಮ್ಮೆ ಕ್ರೈಸ್ಟ್‌ಚರ್ಚ್ ಕಡೆಯವರು ಆದದ್ದಕ್ಕೆ ಇದೂ ಒಂದು ಕಾರಣ.

ಜೋಲಿಯ ನಂತರ ಬಂದ ಫ್ರೆಡರಿಕ್ ವೆಲ್ಡ್‌ನ ಬಗ್ಗೆ ನಿಧಾನವಾಗಿ ಹೇಳಬೇಕು. ಇಂಗ್ಲೆಂಡ್‌ನ ಹಳೆಯ ಕ್ಯಾಥೊಲಿಕ್ ಮನೆತನದ ಈತ ನ್ಯೂಜಿಲೆಂಡ್‌ನಲ್ಲಿ ಕುರಿ ಸಾಕಣೆಯ ಮುಂಚೂಣಿಯಲ್ಲಿದ್ದವನು. ಕುರಿ ಸಾಕಲು ಬರುವವರಿಗಾಗಿ 1851ರಲ್ಲೇ ಒಂದು ಕಿರುಹೊತ್ತಗೆ ಪ್ರಕಟಿಸಿದ್ದ. ಚಾರ್ಲ್ಸ್ ಕ್ಲಿಫರ್ಡ್ ಜೊತೆ ಪಾಲುದಾರನಾಗಿ ಹುರುನುಯಿಯ ದಕ್ಷಿಣದ ಸ್ಟೋನಿಹರ್ಸ್ಟ್ ಎಂಬ ಬೃಹತ್ ಹುಲ್ಲುಗಾವಲನ್ನು ನಡೆಸುತ್ತಿದ್ದ. 1861ರ ಆರಂಭಕ್ಕೆ ಮುಗಿದ ಮಹಾಚುನಾವಣೆಯ ನಂತರ 1866ರವರೆಗೆ ಆತ ಚೆವಿಯಟ್‌ನ ಸದಸ್ಯ. 1864ರ ನವೆಂಬರ್‌ನಿಂದ 1865ರ ಅಕ್ಟೋಬರ್‌ವರೆಗೆ ವಸಾಹತಿನ ಪ್ರಧಾನಿ. ರಾಜಧಾನಿ ಆಕ್ಲೆಂಡ್‌ನಿಂದ ವೆಲಿಂಗ್ಟನ್‌ಗೆ ಸ್ಥಳಾಂತರವಾದದ್ದು ಅವನ ಅವಧಿಯಲ್ಲಿ. ಬ್ರಿಟಿಷ್ ಸೈನ್ಯವನ್ನು ವಾಪಸು ಕಳಿಸಿ ವಸಾಹತು ಮಾವೊರಿಗಳೊಂದಿಗಿನ ತನ್ನ ಯುದ್ಧವನ್ನು ತಾನೇ ನಿಭಾಯಿಸಬೇಕೆಂಬ ಸ್ವಾವಲಂಬನೆಯ ನೀತಿಯೂ ಅವನದೇ. ವೈಕಾಟೊ ಪ್ರದೇಶದಲ್ಲಿ ಮಾವೊರಿಗಳ ಭೂಮಿಯನ್ನು ಮುಟ್ಟುಗೋಲು ಹಾಕಿಕೊಳ್ಳುವ ಘೋಷಣೆ 1864ರ ಡಿಸೆಂಬರ್‌ನಲ್ಲಿ ಹೊರಬಿದ್ದದ್ದು ಅವನ ಮಂತ್ರಿಮಂಡಲದ ಕಾಲದಲ್ಲಿ.

ದಕ್ಷಿಣ ದ್ವೀಪದ ಬೆರಳೆಣಿಕೆಯ ಭೂಮಾಲೀಕರು, ಗುತ್ತಿಗೆದಾರರು ಕಳಿಸಿಕೊಟ್ಟ ಸದಸ್ಯ ಉತ್ತರ ದ್ವೀಪದ ಸಾವಿರಾರು ಮಾವೊರಿಗಳ ನೆಲದ ಹಣೆಬರಹ ನಿರ್ಧರಿಸಿದ. ಆ ಮಾವೊರಿಗಳಲ್ಲಿ ಬಹುಪಾಲು ಜನರಿಗೆ ಯಾವ ಕ್ಷೇತ್ರದಲ್ಲೂ ಮತವಿರಲಿಲ್ಲ. ವೆಲ್ಡ್ ವೈಯಕ್ತಿಕವಾಗಿ ಸಜ್ಜನ, ಶ್ರದ್ಧಾವಂತ ಎಂದು ಸಮಕಾಲೀನರು ಬರೆದಿದ್ದಾರೆ. ಅದನ್ನು ಅಲ್ಲಗಳೆಯಲು ನನಗೆ ಕಾರಣವಿಲ್ಲ. ಸಜ್ಜನಿಕೆಯಿಂದ ಪ್ರಾತಿನಿಧ್ಯದ ಕೊರತೆ ತುಂಬುವುದಿಲ್ಲ, ಅಷ್ಟೆ.

ವೆಲ್ಡ್‌ನ ನಂತರ 1866ರಿಂದ 1870ರವರೆಗೆ ಡೇವಿಡ್ ಮನ್ರೋ. ಎಡಿನ್‌ಬರೋದ ಹೆಸರಾಂತ ವೈದ್ಯ ಮನೆತನದ ಈತ 1861ರಿಂದಲೇ ಸದನದ ಸ್ಪೀಕರ್. ಹಾಗಾಗಿ ಚೆವಿಯಟ್‌ನ ಮತದಾರರು ಚರ್ಚೆಗಳಲ್ಲಿ ಪಕ್ಷ ವಹಿಸಿ ಮಾತನಾಡದ ಪ್ರತಿನಿಧಿಯನ್ನು ಆರಿಸಿದ್ದರು. ಎಪ್ಪತ್ತರ ದಶಕದಲ್ಲಿ ಬಂದ ಲೆನರ್ಡ್ ಹಾರ್ಪರ್ ಕ್ರೈಸ್ಟ್‌ಚರ್ಚ್‌ನ ಬಿಷಪ್‌ನ ಮಗ, ವಕೀಲ. ಮಾವೊರಿ ಮಾರ್ಗದರ್ಶಕರ ನೆರವಿನಿಂದ 1857ರಲ್ಲಿ ದಕ್ಷಿಣದ ಆಲ್ಪ್ಸ್ ದಾಟಿ ಹೆಸರು ಮಾಡಿದವನು. ಅವನು 1878ರಲ್ಲಿ ಬಿಟ್ಟುಕೊಟ್ಟ ಸ್ಥಾನಕ್ಕೆ ಆಲ್‌ಫ್ರೆಡ್ ಸಾಂಡರ್ಸ್ ಬಂದ. ಪಾನನಿರೋಧದ ಹೋರಾಟಗಾರ, ಮಹಿಳೆಯರ ಮತದಾನದ ಹಕ್ಕಿನ ಹಳೆಯ ಬೆಂಬಲಿಗನಾದ ಸಾಂಡರ್ಸ್ ಈ ಸಾಲಿನಲ್ಲಿ ಬೇರೆಯಾಗಿ ನಿಲ್ಲುತ್ತಾನೆ. ಕೊನೆಯ ಸದಸ್ಯ ಜೇಮ್ಸ್ ಡುಪ್ರೆ ಲ್ಯಾನ್ಸ್ ಮತ್ತೆ ದೊಡ್ಡ ಕುರಿಗಾವಲಿನ ಒಡೆಯ.

ಈ ಹೆಸರುಗಳೆಲ್ಲದರ ಹಿಂದೆ ಒಂದು ನೆರಳು: ವಿಲಿಯಂ ರಾಬಿನ್ಸನ್. ಲ್ಯಾಂಕಾಷೈರ್‌ನಿಂದ ದಕ್ಷಿಣ ಆಸ್ಟ್ರೇಲಿಯಾಕ್ಕೆ ಹೋಗಿ, ಜಾನುವಾರುಗಳಲ್ಲಿ ಹಣ ಮಾಡಿ, 1856ರಲ್ಲಿ ನ್ಯೂಜಿಲೆಂಡ್‌ಗೆ ಬಂದವನು. ಸಾಲಸೋಲವಿಲ್ಲದೆ ಹಣ ಎಣಿಸಿ ಭೂಮಿ ಕೊಳ್ಳುತ್ತಿದ್ದುದರಿಂದ ಜನ ಅವನನ್ನು ‘ರೆಡಿ ಮನಿ’ ರಾಬಿನ್ಸನ್ ಎನ್ನುತ್ತಿದ್ದರು. ಉಳಿದವರು ಸರ್ಕಾರಿ ಹುಲ್ಲುಗಾವಲಿನ ಗುತ್ತಿಗೆ ನೆಚ್ಚಿಕೊಂಡಿದ್ದಾಗ ಆತ ಚೆವಿಯಟ್ ಹಿಲ್ಸ್ ಅನ್ನು ಪೂರ್ತಿ ಸ್ವಂತಕ್ಕೆ ಬರೆಸಿಕೊಂಡ: ಒಂದೇ ಹಿಡುವಳಿ, 84,000 ಎಕರೆಗೂ ಹೆಚ್ಚು. ಅಷ್ಟು ಅಗಲ ನೆಲದಲ್ಲಿ ವಾಸವಿದ್ದವರು ಮನೆಯವರು, ಮೇಲ್ವಿಚಾರಕರು, ಕುರಿಗಾಹಿಗಳು, ಉಣ್ಣೆ ಕತ್ತರಿಸುವ ಋತುವಿನಲ್ಲಿ ಬಂದುಹೋಗುವ ಕೂಲಿಗಳು. ರಾಬಿನ್ಸನ್ ಕೆಳಮನೆಗೆ ಸ್ಪರ್ಧಿಸಬೇಕಾಗಲಿಲ್ಲ. 1869ರಲ್ಲಿ ಮೇಲ್ಮನೆಯಾದ ಶಾಸಕಾಂಗ ಪರಿಷತ್ತಿಗೆ ಜೀವಾವಧಿ ನೇಮಕವಾಗಿ 1889ರಲ್ಲಿ ಸಾಯುವವರೆಗೂ ಅಲ್ಲಿದ್ದ. 1870ರ ಕಾಯ್ದೆ ಗುಪ್ತ ಮತದಾನ ತರುವ ತನಕ ಮತದಾನ ಬಹಿರಂಗ. ಒಬ್ಬನೇ ಒಡೆಯನ ಅನ್ನ ತಿನ್ನುವ ಸೀಮೆಯಲ್ಲಿ ಬಹಿರಂಗ ಮತಕ್ಕೆ ಎಷ್ಟು ಸ್ವಾತಂತ್ರ್ಯವಿದ್ದೀತು?

1879ರಲ್ಲಿ ಆಸ್ತಿಯ ಷರತ್ತು ಹೋಗಿ ವಯಸ್ಕ ಪುರುಷರೆಲ್ಲರಿಗೂ ಮತ ಬಂತು. ಆದರೆ ವಸಾಹತಿನಲ್ಲಿ ಒಂದು ವರ್ಷ, ಕ್ಷೇತ್ರದಲ್ಲಿ ಆರು ತಿಂಗಳು ವಾಸವಿರಬೇಕು ಎಂಬ ನಿಯಮವೂ ಜೊತೆಗಿತ್ತು. ಕೆಲಸ ಹುಡುಕುತ್ತ ಹಾಸಿಗೆಯ ಗಂಟು ಹೊತ್ತು ಒಂದು ಕುರಿಗಾವಲಿನಿಂದ ಇನ್ನೊಂದಕ್ಕೆ ನಡೆಯುತ್ತಿದ್ದ ಕೂಲಿಕಾರನಿಗೆ, ಅಂದರೆ ಚೆವಿಯಟ್‌ನ ದುಡಿಮೆಯ ಬೆನ್ನೆಲುಬಿಗೆ, ಈ ನಿಯಮವೇ ಬೇಲಿಯಾಯಿತು. 1881ರಲ್ಲಿ ‘ಕಂಟ್ರಿ ಕೋಟಾ’ ಎಂಬ ಏರ್ಪಾಡು ಬಂತು: ಕ್ಷೇತ್ರ ವಿಂಗಡಣೆಯ ಲೆಕ್ಕಕ್ಕೆ ಹಳ್ಳಿಗಾಡಿನ ಜನಸಂಖ್ಯೆಯನ್ನು ಮೂರನೆಯ ಒಂದು ಪಾಲು ಹೆಚ್ಚಿಸಿ ಎಣಿಸುವುದು. ಈ ಹೆಚ್ಚುವರಿ 1887ರಲ್ಲಿ ಶೇ 18ಕ್ಕೆ ಇಳಿದು 1889ರಲ್ಲಿ ಶೇ 28ಕ್ಕೆ ಏರಿತು. ದೂರದ ಹಳ್ಳಿಗಳ ದನಿ ಪಟ್ಟಣಗಳ ಗದ್ದಲದಲ್ಲಿ ಮುಳುಗಬಾರದು ಎಂಬ ಸಮರ್ಥನೆಯಲ್ಲಿ ನ್ಯಾಯವಿತ್ತು. ಆದರೆ ಚೆವಿಯಟ್‌ನಂಥ ಕಡೆ ಅದು ಬಲಪಡಿಸಿದ್ದು ಹಳ್ಳಿಗನನ್ನಲ್ಲ, ಹಿಡುವಳಿಯನ್ನು. 1889ರಲ್ಲಿ ಹಲವು ಕ್ಷೇತ್ರಗಳಲ್ಲಿ ಮತ ಹಾಕುವ ಹಕ್ಕು ರದ್ದಾಗಿ ಒಬ್ಬನಿಗೆ ಒಂದೇ ಮತವೆಂಬ ನಿಯಮ ಬಂತು. 1890ರ ಚುನಾವಣೆಗೆ ಮಾವೊರಿ ಸ್ಥಾನಗಳನ್ನು ಬಿಟ್ಟು ಉಳಿದ ಸ್ಥಾನಗಳನ್ನು 91ರಿಂದ 70ಕ್ಕೆ ಇಳಿಸಿದಾಗ ಚೆವಿಯಟ್ ಅಳಿಸಿಹೋಯಿತು.

ಕ್ಷೇತ್ರ ಹೋದ ಮೂರೇ ವರ್ಷಕ್ಕೆ ಊರು ಹುಟ್ಟಿತು. ಅದೇ 1890ರ ಚುನಾವಣೆಯಿಂದ ಅಧಿಕಾರಕ್ಕೆ ಬಂದ ಲಿಬರಲ್ ಸರ್ಕಾರ 1891ರಲ್ಲಿ ದೊಡ್ಡ ಹಿಡುವಳಿಗಳ ಮೇಲೆ ಏರುಮುಖದ ಭೂತೆರಿಗೆ ಹಾಕಿತು. ಸರ್ಕಾರದ ಮೌಲ್ಯಮಾಪನ ಒಪ್ಪದ ಒಡೆಯ, ‘ನಾನು ಹೇಳಿದ ಬೆಲೆಗೆ ತೆರಿಗೆ ಇಳಿಸಿ, ಇಲ್ಲವೇ ಆ ಬೆಲೆಗೆ ನೀವೇ ಕೊಳ್ಳಿ’ ಎಂದು ಕೇಳಲು ಕಾನೂನಿನಲ್ಲಿ ಅವಕಾಶವಿತ್ತು. ರಾಬಿನ್ಸನ್‌ನ ಆಸ್ತಿಯ ಧರ್ಮದರ್ಶಿಗಳು ಹಾಗೆಯೇ ಕೇಳಿದರು. ಭೂಮಂತ್ರಿ ಜಾನ್ ಮೆಕೆಂಜಿ ಸ್ಕಾಟ್ಲೆಂಡ್‌ನ ಹೈಲ್ಯಾಂಡ್ಸ್‌ನವನು. ಜಮೀನುದಾರರು ಕುರಿಗಳಿಗೆ ಜಾಗ ಮಾಡಲು ರೈತರನ್ನು ಒಕ್ಕಲೆಬ್ಬಿಸಿದ ನೆನಪುಗಳ ನಡುವೆ ಬೆಳೆದವನು. ಸರ್ಕಾರ 1893ರಲ್ಲಿ ಸುಮಾರು 2,60,000 ಪೌಂಡ್ ಕೊಟ್ಟು ಇಡೀ ಚೆವಿಯಟ್ ಹಿಲ್ಸ್ ಕೊಂಡಿತು. ಕೆಲಸವಿಲ್ಲದವರನ್ನು ತಂದು ರಸ್ತೆ ಹಾಕಿಸಿತು, ನೆಲವನ್ನು ತುಂಡುಮಾಡಿ ಮಾರಾಟಕ್ಕೂ 999 ವರ್ಷಗಳ ಗುತ್ತಿಗೆಗೂ ಇಟ್ಟಿತು. ಶೀತಲೀಕರಿಸಿದ ಮಾಂಸವನ್ನು ಹೊತ್ತ ‘ಡುನೇಡಿನ್’ ಹಡಗು 1882ರಲ್ಲಿ ಲಂಡನ್ ಮುಟ್ಟಿದಂದಿನಿಂದ ಸಣ್ಣ ಹಿಡುವಳಿಯೂ ಬದುಕಬಲ್ಲುದು ಎಂಬ ಭರವಸೆ ಹುಟ್ಟಿತ್ತು. ಕುರಿಗಾಹಿಗಳಷ್ಟೇ ಇದ್ದ ಕಡೆ ಒಕ್ಕಲು ಮನೆಗಳು, ಶಾಲೆ, ಪೇಟೆ ಬಂದವು. 1893ರಲ್ಲೇ ಮಹಿಳೆಯರಿಗೂ ಮತ ಸಿಕ್ಕಿತು. ಚೆವಿಯಟ್ ಎಂಬ ಹೆಸರಿನ ಕ್ಷೇತ್ರದಲ್ಲಿ ಮಾತ್ರ ಒಬ್ಬ ಹೆಂಗಸೂ ಮತ ಹಾಕಲಿಲ್ಲ.

ಈ ಭೂಸುಧಾರಣೆಯನ್ನು ನ್ಯೂಜಿಲೆಂಡ್‌ನ ಪ್ರಜಾಪ್ರಭುತ್ವದ ಹೆಮ್ಮೆಯ ಅಧ್ಯಾಯವಾಗಿ ಬರೆಯುತ್ತಾರೆ. ಬಡ ವಲಸಿಗರ ಕಡೆಯಿಂದ ನೋಡಿದರೆ ಅದು ನಿಜ. ಆದರೆ ಮೆಕೆಂಜಿ ಹಂಚಿದ ನೆಲದ ಮೊದಲ ಒಡೆಯರಿಗೆ ಆ ಹಂಚಿಕೆಯಲ್ಲಿ ಪಾಲಿರಲಿಲ್ಲ. 1867ರಲ್ಲಿ ಮಾವೊರಿಗಳಿಗೆ ನಾಲ್ಕು ಸ್ಥಾನಗಳು ಸಿಕ್ಕಾಗ ಇಡೀ ದಕ್ಷಿಣ ದ್ವೀಪಕ್ಕೆ ದಕ್ಕಿದ್ದು ದಕ್ಷಿಣ ಮಾವೊರಿ ಎಂಬ ಒಂದೇ ಒಂದು ಕ್ಷೇತ್ರ. ಭೂಮಿಯ ಮೇಲಿನ ನ್ಗಾಯ್ ತಾಹು ದೂರು ದಶಕಗಳ ಕಾಲ ಆ ಒಬ್ಬ ಸದಸ್ಯನ ಬಾಯಿಂದಲೇ ಸದನಕ್ಕೆ ಬರಬೇಕಾಯಿತು. ಚೆವಿಯಟ್‌ನ ಚರಿತ್ರೆ ಬರೆಯುವವರು ಚೆವಿಯಟ್‌ನ ಮತದಾರರ ಪಟ್ಟಿಯ ಜೊತೆಗೆ ದಕ್ಷಿಣ ಮಾವೊರಿ ಕ್ಷೇತ್ರದ ಕಡತಗಳನ್ನೂ ತೆರೆಯಬೇಕು. ಅವೆರಡೂ ಒಂದೇ ನೆಲದ ದಾಖಲೆಗಳು. ನ್ಗಾಯ್ ತಾಹು ಬುಡಕಟ್ಟಿನ ದೂರುಗಳು ನ್ಯಾಯವಾದವೆಂದು, ಮಾವೊರಿಗಳ ದೂರುಗಳನ್ನು ವಿಚಾರಿಸುವ ವೈಟಾಂಗಿ ನ್ಯಾಯಮಂಡಳಿ ಬಹುಮಟ್ಟಿಗೆ ಒಪ್ಪಿದ್ದು 1991ರಲ್ಲಿ. 1998ರಲ್ಲಿ ಸಂಸತ್ತು ಕಾಯ್ದೆಯ ಮೂಲಕ ಆ ಬುಡಕಟ್ಟಿನ ಕ್ಷಮೆ ಕೇಳಿ 17 ಕೋಟಿ ನ್ಯೂಜಿಲೆಂಡ್ ಡಾಲರ್ ಮೌಲ್ಯದ ಪರಿಹಾರ ಕೊಟ್ಟಿತು.