ಅಡಾ ಕಾಮ್‌ಸ್ಟಾಕ್ ಸ್ಕಾಲರ್ಸ್ ಕಾರ್ಯಕ್ರಮ

ಓದನ್ನು ಅರ್ಧಕ್ಕೆ ಬಿಟ್ಟ ವಯಸ್ಕ ಮಹಿಳೆಯರು ಮರಳಿ ಕಾಲೇಜು ಸೇರಿ ಪದವಿ ಪೂರೈಸಲೆಂದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಮಿತ್ ಮಹಿಳಾ ಕಾಲೇಜು 1975ರಲ್ಲಿ ಆರಂಭಿಸಿದ ಕಾರ್ಯಕ್ರಮ.

ಹೆಸರು: ಅಡಾ ಲೂಯಿಸ್ ಕಾಮ್‌ಸ್ಟಾಕ್ (1876–1973) ಇದೇ ಕಾಲೇಜಿನ ಹಳೆಯ ವಿದ್ಯಾರ್ಥಿನಿ, 1912ರಲ್ಲಿ ಅದರ ಮೊದಲ ಡೀನ್ ಆದರು. 1917ರಲ್ಲಿ ಅಧ್ಯಕ್ಷ ಸ್ಥಾನ ತೆರವಾದಾಗ ಕೆಲವು ತಿಂಗಳು ಆಡಳಿತವನ್ನೆಲ್ಲ ನಿಭಾಯಿಸಿದರೂ, ಹೆಣ್ಣೆಂಬ ಕಾರಣಕ್ಕೆ ಟ್ರಸ್ಟಿಗಳು ಅವರಿಗೆ ಹಂಗಾಮಿ ಅಧ್ಯಕ್ಷೆಯ ಪದವಿ ಕೊಡಲಿಲ್ಲ. ಮುಂದೆ ಅವರು ರಾಡ್‌ಕ್ಲಿಫ್ ಕಾಲೇಜಿನ ಅಧ್ಯಕ್ಷೆಯಾಗಿ 1923ರಿಂದ 1943ರವರೆಗೆ ದುಡಿದರು.

ಸ್ವರೂಪ: ವಯಸ್ಕರಿಗೆಂದು ಬೇರೆ ತರಗತಿಗಳಿಲ್ಲ. ಅವರು ಕಿರಿಯ ವಿದ್ಯಾರ್ಥಿನಿಯರ ಜೊತೆಗೇ ಕೂತು ಅದೇ ಪಠ್ಯ ಓದುತ್ತಾರೆ. ಪೂರ್ಣಾವಧಿ ಸಾಧ್ಯವಾಗದವರು ಕಡಿಮೆ ವಿಷಯಗಳನ್ನು ತೆಗೆದುಕೊಂಡು ನಿಧಾನವಾಗಿ ಪದವಿ ಮುಗಿಸಬಹುದು. ವಿದ್ಯಾರ್ಥಿ ಸಂಘಟನೆಯಲ್ಲಿ ಇವರಿಗೆ ತಮ್ಮದೇ ಪ್ರಾತಿನಿಧ್ಯವಿದೆ. ಸಭೆ ನಡೆಸುವುದು, ಬೇಡಿಕೆ ಮಂಡಿಸುವುದು, ಹೊಸಬರಿಗೆ ದಾರಿ ತೋರುವುದು ಇಂಥ ಹೊಣೆಗಳ ಮೂಲಕ ನಾಯಕತ್ವ ರೂಢಿಯಾಗುತ್ತದೆ.

ನೆರವು: ಕಾಲೇಜಿನ ಮೊದಲ ಮಹಿಳಾ ಅಧ್ಯಕ್ಷೆ ಜಿಲ್ ಕೆರ್ ಕಾನ್ವೇ (ಅಧಿಕಾರಾವಧಿ 1975–85) ಬಡ ತಾಯಂದಿರ ಒಂದು ತೊಡಕನ್ನು ಬಿಡಿಸಿದರು. ವಿದ್ಯಾರ್ಥಿವೇತನ ಪಡೆದರೆ ಸರ್ಕಾರದ ಕಲ್ಯಾಣ ಭತ್ಯೆ ಕೈತಪ್ಪುತ್ತಿತ್ತು. ಹೀಗಾಗಿ ಹಣವನ್ನು ವಿದ್ಯಾರ್ಥಿನಿಯ ಕೈಗೆ ಕೊಡದೆ, ಬಾಡಿಗೆಯನ್ನು ನೇರ ಮನೆಮಾಲೀಕರಿಗೆ ಕಟ್ಟಿ, ಸ್ಥಳೀಯ ಅಂಗಡಿಗಳಲ್ಲಿ ಖಾತೆ ತೆರೆಯುವ ವ್ಯವಸ್ಥೆ ಮಾಡಲಾಯಿತು. ಮುಂದೆ ರಾಜ್ಯವೇ ತನ್ನ ನಿಯಮಗಳನ್ನು ಬದಲಿಸಿತು.