ಬಂಕಾಪುರದ ಜಲದುರ್ಗ

ನಮ್ಮ ರಾಣೆಬೆನ್ನೂರ ಕಡೆಯ ಸುಶಿಕ್ಷಿತ ಮನೆತನಗಳಲ್ಲಿ ಬಂಕಾಪುರವನ್ನು ನೋಡದವರು ವಿರಳ. ಹಾವೇರಿಯನ್ನು ದಾಟಿ ಹೆದ್ದಾರಿ ಹಿಡಿದರೆ ಅರ್ಧ ದಿನದಲ್ಲಿ ಹೋಗಿ ಬರಬಹುದಾದ ಊರು. ಹೋದವರೆಲ್ಲರೂ ಕೋಟೆಯೊಳಗಿನ ನಗರೇಶ್ವರನ ಗುಡಿಯನ್ನು ಹೊಕ್ಕು, ಕಂಬಗಳನ್ನೆಣಿಸಿ, ಅರವತ್ತು ಕಂಬದ ಗುಡಿಯೆಂದು ಹೆಸರಿದ್ದರೂ ಕಂಬಗಳು ಅರವತ್ತಾರು ಇರುವುದನ್ನು ಕಂಡು ಆಶ್ಚರ್ಯಪಟ್ಟು, ನವಿಲೊಂದು ಕಣ್ಣಿಗೆ ಬಿದ್ದರೆ ಸಂತೋಷಪಟ್ಟು ಹಿಂದಿರುಗುತ್ತಾರೆ. ನಾನಾದರೂ ವರುಷ ವರುಷವೂ ಶಾಲೆಯ ಮಕ್ಕಳನ್ನು ಕರೆದೊಯ್ದು ಇದನ್ನೇ ಮಾಡಿದೆನು. ಒಮ್ಮೆ ಹುಡುಗನೊಬ್ಬನು ಕೋಟೆಯ ಬಾಗಿಲಿಗಿಂತ ಮೊದಲೇ ನಿಂತು ಕೆಳಗೆ ಬಗ್ಗಿ ನೋಡಿ, "ಗುರುಗಳೆ, ಇದರಾಗ ನೀರು ಎಲ್ಲಿಂದ ಬರತಿತ್ತು?" ಎಂದು ಕೇಳಿದನು. "ಮಳೆಯದು, ನಡೆ" ಎಂದು ಹೇಳಿ ಅವನನ್ನು ಗುಡಿಯ ಕಡೆಗೆ ಅಟ್ಟಿದೆನು. ಆ ಉತ್ತರವು ಸುಳ್ಳಲ್ಲ. ಆದರೆ ಅದು ಉತ್ತರವೂ ಅಲ್ಲ.

ಕಳೆದ ಶ್ರಾವಣದಲ್ಲಿ ಒಬ್ಬನೇ ಹೋಗಿ, ಗುಡಿಯನ್ನು ಕಡೆಗಿಟ್ಟು, ಕಂದಕದ ಅಂಚನ್ನೇ ಹಿಡಿದು ನಡೆದೆನು. ಹೂಳು ತುಂಬಿ ತಳ ಮೇಲೆದ್ದಿದೆ. ಜಾಲಿ ಪೊದೆಗಳು ಇಕ್ಕೆಲಗಳಿಂದ ಬಾಗಿ ಒಂದನ್ನೊಂದು ಮುಟ್ಟಿವೆ. ಆದರೂ ತಗ್ಗಿದ್ದಲ್ಲಿ ನೀರು ನಿಂತಿತ್ತು, ಅದರ ಹಸುರು ಪಾಚಿಯ ಮೇಲೆ ಕೋಟೆಗೋಡೆಯ ನೆರಳು ಬಿದ್ದಿತ್ತು. ನಾಲ್ಕು ಕಡೆಗೂ ಬಯಲು. ಏರಿ ಕುಳಿತುಕೊಳ್ಳುವುದಕ್ಕೆ ಒಂದು ಗುಡ್ಡವಿಲ್ಲ. ಚಿತ್ರದುರ್ಗದವನಿಗೆ ಬಂಡೆಯು ಕೊಟ್ಟ ರಕ್ಷಣೆಯನ್ನು ಇಲ್ಲಿಯವನು ಸಲಿಕೆಯಿಂದ ಸಂಪಾದಿಸಬೇಕಾಯಿತು. ಬಂಕಾಪುರದ ಬಲವು ಕಲ್ಲಿಗಿಂತ ಹೆಚ್ಚಾಗಿ ಈ ನೀರಿನಲ್ಲಿದ್ದಿತೆಂಬುದು ಅಂದು ನನಗೆ ಮನವರಿಕೆಯಾಯಿತು.

ನಮ್ಮ ಶಾಸ್ತ್ರಕಾರರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಮನುವು ಆರು ಬಗೆಯ ದುರ್ಗಗಳಲ್ಲಿ ಅಬ್ದುರ್ಗವೆಂದರೆ ಜಲದುರ್ಗವನ್ನು ಎಣಿಸಿದ್ದಾನೆ. 1909ರಲ್ಲಿ ಮೈಸೂರಿನ ಆರ್. ಶಾಮಾಶಾಸ್ತ್ರಿಗಳು ಅಚ್ಚು ಹಾಕಿಸಿ ಲೋಕಕ್ಕೆ ಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರವಂತೂ ಕಂದಕದ ಲೆಕ್ಕವನ್ನೇ ಹೇಳುತ್ತದೆ. ಒಂದರ ಹೊರಗೊಂದು ಮೂರು ಅಗಳುಗಳು. ಅಗಲ ಹದಿನಾಲ್ಕು, ಹನ್ನೆರಡು, ಹತ್ತು ದಂಡಗಳು. ದಂಡವನ್ನು ಆರು ಅಡಿಯೆಂದು ಹಿಡಿದರೆ 84, 72, 60 ಅಡಿಗಳಾದವು. ಆಳವು ಅಗಲದ ಮುಕ್ಕಾಲು ಇಲ್ಲವೆ ಅರ್ಧ. ಪಕ್ಕಗಳಿಗೆ ಕಲ್ಲು ಅಥವಾ ಇಟ್ಟಿಗೆ. ನೀರಿನಲ್ಲಿ ತಾವರೆಯೂ ಮೊಸಳೆಯೂ ಇರಬೇಕಂತೆ. ಚೆಲುವನ್ನೂ ಭಯವನ್ನೂ ಒಂದೇ ಉಸಿರಿನಲ್ಲಿ ವಿಧಿಸುವ ಇಂಥ ರಾಜನೀತಿಜ್ಞನನ್ನು ನಾನು ಬೇರೆ ಕಾಣೆನು. ತೋಡಿದ ಮಣ್ಣು ವ್ಯರ್ಥವಾಗದೆ ಒಳಗಡೆಯ ದಿಬ್ಬವಾಗಿ ಏಳಬೇಕು, ಅದರ ಮೇಲೆ ಗೋಡೆ ನಿಲ್ಲಬೇಕು. ಎಂದರೆ ತಗ್ಗು ಹೆಚ್ಚಿದಷ್ಟೂ ಗೋಡೆಯ ನೆಲೆ ಎತ್ತರವಾಗುವುದು. ಆ ಹುಡುಗನ ಪ್ರಶ್ನೆಗೂ ಅಲ್ಲಿ ಉತ್ತರವಿದೆ: ಅಂತರ್ಜಲ ಸಿಕ್ಕುವವರೆಗೆ ಅಗೆಯಬೇಕು, ಇಲ್ಲವೆ ಬೇರೆಡೆಯಿಂದ ನೀರನ್ನು ತರಬೇಕು, ಎರಡಕ್ಕೂ ಹೆಚ್ಚುನೀರು ಹೋಗುವ ದಾರಿಯಿರಬೇಕು. ನಮ್ಮ ಊರ ಕೆರೆಗಳನ್ನು ಕಟ್ಟಿದವರ ವಿದ್ಯೆಯೂ ಇದೇ ಅಲ್ಲವೆ?

ಈ ವಿದ್ಯೆ ನಮ್ಮದೊಂದೇ ದೇಶದ ಸೊತ್ತಲ್ಲ. ಜರ್ಮನಿಯ ಮ್ಯೂನ್‌ಸ್ಟರ್ ಸೀಮೆಯು ನಮ್ಮ ಬಯಲುಸೀಮೆಯಂತೆಯೇ ಸಮತಟ್ಟಾದ ನೆಲ. ಬೆಟ್ಟವಿಲ್ಲದ ಅಲ್ಲಿಯ ಪ್ರಭುಗಳು ನೀರಿನ ನಡುವೆ ಮನೆ ಕಟ್ಟಿ, ಮರದ ಸೇತುವೆಯನ್ನು ಮೇಲೆತ್ತಿಕೊಂಡು ನಿರ್ಭಯವಾಗಿ ಮಲಗುತ್ತಿದ್ದರು. 1271ರಲ್ಲಿ ಮ್ಯೂನ್‌ಸ್ಟರಿನ ಬಿಷಪ್ಪನು ಕಟ್ಟಿಸಿದ ಫಿಶರಿಂಗ್ ಎಂಬ ನೀರ್ಗೋಟೆಯು ಇಂದಿಗೂ ನಿಂತಿದೆ. ಬೆಟ್ಟವಿಲ್ಲದವನು ನೀರನ್ನು ಹುಡುಕುವುದು ಎಲ್ಲ ದೇಶಗಳಲ್ಲಿಯೂ ಒಂದೇ.

ಶಬ್ದಗಳ ಕಡೆಗೆ ವಾಚಕರ ಗಮನವನ್ನು ಒಂದು ಕ್ಷಣ ಎಳೆಯುತ್ತೇನೆ. ಹಳೆಯ ಮಾಸ್ತರರ ಚಟವಿದು, ಕ್ಷಮಿಸಬೇಕು. ಅಗಳು ಎಂಬುದು ಅಗೆ ಎಂಬ ಕನ್ನಡ ಧಾತುವಿನಿಂದ ಬಂದುದು. ಪರಿಖಾ ಎಂಬುದು ಅಗೆಯುವುದೆಂಬರ್ಥದ ಖನ್ ಧಾತುವಿನದು. ಜನರ ಬಾಯಲ್ಲಿರುವ ಕಂದಕವು ಪಾರಸಿಯಲ್ಲಿ 'ಅಗೆದುದು' ಎಂಬರ್ಥದಿಂದ ಹೊರಟು, ಅರಬ್ಬಿಯಲ್ಲಿ ಸುತ್ತಿ ನಮ್ಮಲ್ಲಿಗೆ ಬಂದಿತು. ಮೂರು ನುಡಿಗಳ ಅರಸರು ಈ ಕೋಟೆಯನ್ನು ಆಳಿದರು. ಮೂವರಿಗೂ ಕಾಣಿಸಿದ್ದು ಒಂದೇ ಸಲಿಕೆ.

ಊರಿನ ಹೆಸರು ರಾಷ್ಟ್ರಕೂಟ ಅಮೋಘವರ್ಷನ ಸೇನಾನಿಯಾದ ಚೆಲ್ಲಕೇತನ ವಂಶದ ಬಂಕೇಯನಿಂದ ಬಂದಿತು. ಆತನ ಮಗ ಲೋಕಾದಿತ್ಯನು ಇಲ್ಲಿ ಆಳುತ್ತಿದ್ದಾಗ, ಶಕ 820ರಲ್ಲಿ, ಗುಣಭದ್ರಾಚಾರ್ಯರ ಉತ್ತರಪುರಾಣವು ಇಲ್ಲಿ ಪೂಜೆಗೊಂಡಿತು. ಗಂಗರ ಎರಡನೆಯ ಮಾರಸಿಂಹನು ರಾಜ್ಯವನ್ನು ತೊರೆದು ಬಂದು ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹವನ್ನು ಬಿಟ್ಟದ್ದೂ ಇಲ್ಲಿಯೇ. ಕೋಟೆಯು ಮಾತ್ರ ಒಬ್ಬರ ಕೆಲಸವಲ್ಲ. ಶತಮಾನಗಳಲ್ಲಿ ಅನೇಕ ಕೈಗಳು ಸೇರಿಸಿ ಬೆಳೆಸಿದ್ದು.

ಈ ಕೋಟೆಯು ಬಿದ್ದುದು ಹೇಗೆ? ಪರರ ದೊಡ್ಡ ಸೈನ್ಯವು ಬಂದು ಮುರಿದು ನುಗ್ಗಿತೆಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆನು. ಅದು ತಪ್ಪು. 1565ರ ರಕ್ಕಸತಂಗಡಿಯ ಯುದ್ಧದ ತರುವಾಯ ರಾಮರಾಯನ ಸೇವಕನಾಗಿದ್ದ ವೇಲಪರಾಯನೆಂಬವನು ಇಲ್ಲಿ ಸ್ವತಂತ್ರನಾದನು. 1570ರ ದಶಕದಲ್ಲಿ ವಿಜಾಪುರದ ಒಂದನೆಯ ಅಲಿ ಆದಿಲಶಹನು ಬಂದು ಮುತ್ತಿದನು. ಇತಿಹಾಸಕಾರ ಫೆರಿಷ್ತಾನು ಆ ಮುತ್ತಿಗೆಯು ಒಂದು ವರ್ಷ ಮೂರು ತಿಂಗಳು ನಡೆಯಿತೆಂದು ಬರೆಯುತ್ತಾನೆ. ಸುತ್ತಲಿನ ನಾಯಕರು ರಾತ್ರಿಯ ಹೊತ್ತು ಶಿಬಿರದ ಮೇಲೆ ಕಳ್ಳದಾಳಿ ಮಾಡಿ ಮುತ್ತಿದವರನ್ನೇ ಹಸಿವಿಗೆ ಗುರಿಮಾಡಿದರಂತೆ. ಆಗ ಬರ್ಗಿ ಸವಾರರನ್ನು ಬಿಟ್ಟು ಆ ದಾಳಿಗಳನ್ನು ತಡೆದ ಮೇಲೆ ಕಾಳಗದ ತಕ್ಕಡಿ ತಿರುಗಿತು. ಕಡೆಗೆ ವೇಲಪರಾಯನು ಹೆಂಡಿರು ಮಕ್ಕಳೊಡನೆ ಸೊತ್ತನ್ನು ತೆಗೆದುಕೊಂಡು ಹೊರಡುವ ಕರಾರಿನ ಮೇಲೆ ಕೋಟೆಯನ್ನು ಒಪ್ಪಿಸಿದನು.

ಫೆರಿಷ್ತಾನು ವಿಜಾಪುರದ ದರಬಾರಿನ ಆಶ್ರಯದಲ್ಲಿದ್ದವನು. ತನ್ನ ಒಡೆಯರ ಮನೆತನದ ವಿಜಯವನ್ನು ಹೇಳುವಾಗ, ನೀರನ್ನು ದಾಟಿ ಗೋಡೆಯನ್ನೇರಿದರೆಂದು ಹೊಗಳುವ ಅವಕಾಶವಿದ್ದರೂ ಆತನು ಕರಾರಿನ ಮಾತನ್ನೇ ಬರೆದಿದ್ದಾನೆ. ಆದುದರಿಂದ ಇದನ್ನು ನಂಬಬಹುದು. ಕಂದಕವು ಸೋಲಲಿಲ್ಲ. ಹಗೆಯನ್ನು ಹೊರಗಿಟ್ಟ ಆ ನೀರೇ ಒಳಗಿನವರನ್ನೂ ಒಳಗೇ ಇಟ್ಟಿತು. ಕೌಟಿಲ್ಯನು ಪರಿಖೆಯನ್ನು ಹೇಳಿದ ಮೇಲೆ ಮುಂದಿನ ಅಧ್ಯಾಯದಲ್ಲಿಯೇ ಎಣ್ಣೆ, ಉಪ್ಪು, ಧಾನ್ಯ, ಕಟ್ಟಿಗೆಗಳನ್ನು ಅನೇಕ ವರ್ಷಗಳಿಗೆ ಸಾಲುವಷ್ಟು ಕೂಡಿಡಬೇಕೆಂದೂ, ಹಳೆಯದನ್ನು ತೆಗೆದು ಹೊಸದನ್ನು ಇಡುತ್ತಿರಬೇಕೆಂದೂ ಹೇಳಿದ್ದು ಸುಮ್ಮನೆ ಅಲ್ಲ.

ಅದೇ ಗ್ರಂಥಕಾರನು ಕೋಟೆಯೊಳಗಿನ ಭವ್ಯ ದೇವಾಲಯವನ್ನು ಕೆಡವಿಸಿ ಅಲಿ ಆದಿಲಶಹನು ಮಸೀದಿಗೆ ಕಲ್ಲಿಟ್ಟನೆಂದೂ ಬರೆದಿದ್ದಾನೆ. ನಗರೇಶ್ವರವು ಭಗ್ನವಾಗಿದ್ದರೂ ಅದರ ಕಂಬಗಳು ಇನ್ನೂ ಮಿಂಚುತ್ತ ನಿಂತಿರುವುದರಿಂದ ಆ ಮಾತನ್ನು ಈ ಗುಡಿಗೆ ಹಾಗೆಯೇ ಹಚ್ಚುವುದು ಸಲ್ಲದು. ಗೆಳೆಯರು ಕೆಲವರು ಈ ನನ್ನ ಮಾತಿಗೆ ಮುನಿದುಕೊಂಡದ್ದುಂಟು. ಕಣ್ಣೆದುರಿಗಿರುವ ಕಲ್ಲನ್ನು ಇಲ್ಲವೆನ್ನಲು ನನ್ನಿಂದಾಗದು.

ಆಮೇಲಿನ ಕಥೆ ಸವಣೂರ ನವಾಬರದು. 1776ರಲ್ಲಿ ಹೈದರನು ತೆಗೆದುಕೊಂಡನು. ಈಗ ಕೋಟೆಯೊಳಗೆ ಖಿಲಾರಿ ದನಗಳ ಸರಕಾರಿ ತಳಿ ಕೇಂದ್ರವಿದೆ. 2006ರಲ್ಲಿ ಇದನ್ನು ನವಿಲುಧಾಮವೆಂದು ಸಾರಿದರು. ಕೃಷ್ಣಮೃಗಗಳ ಊರಿನವರಾದ ನಾವು ಇದಕ್ಕಾಗಿ ಹೊಟ್ಟೆಕಿಚ್ಚು ಪಡಬೇಕಾದುದಿಲ್ಲ.

ಹೊತ್ತು ಇಳಿಯುವಾಗ ಹಿಂದಿರುಗಿ ಬಾಗಿಲ ಬಳಿಗೆ ಬಂದೆನು. ಅಗಳಿನ ಪೊದೆಯೊಳಗಿಂದ ನವಿಲೊಂದು ಕೂಗಿತು. ಆ ಹುಡುಗನು ಬಗ್ಗಿ ನೋಡಿದ ಸ್ಥಳವನ್ನು ಗುರುತಿಸಿ ನಾನೂ ಬಗ್ಗಿ ನೋಡಿದೆನು. ಜಾಲಿಯ ಸಂದಿನಲ್ಲಿ ಅಂಗೈಯಗಲದ ನೀರು ಆಕಾಶವನ್ನು ಹಿಡಿದುಕೊಂಡು ಸುಮ್ಮನಿತ್ತು.