ಬಿಳಿ ಸೈನಿಕನ ವಂಶ, ದಫ್ತರದ ಮೌನ
1809ರಲ್ಲಿ ನೆಲೆಗೊಂಡ ಬೆಂಗಳೂರು ದಂಡಿನ ಬಿಳಿ ಸೈನಿಕರ ವಂಶ ಹುಡುಕುವವರು ಮೊದಲು ತೆರೆಯುವುದು ಚರ್ಚಿನ ದಾಖಲೆಗಳನ್ನು. ದಂಡು ಮೈಸೂರು ಸಂಸ್ಥಾನದೊಳಗಿದ್ದರೂ ಇಲ್ಲಿನ ದೀಕ್ಷಾಸ್ನಾನ, ಮದುವೆ, ಸಮಾಧಿಗಳ ನಕಲು ಮದ್ರಾಸಿನ ಮೂಲಕ ಲಂಡನ್ನಿಗೆ ಹೋಗುತ್ತಿತ್ತು. ಈಗ ಅದು ಬ್ರಿಟಿಷ್ ಲೈಬ್ರರಿಯಲ್ಲಿದೆ. ಇದನ್ನಷ್ಟೇ ನಂಬಿದರೆ ಅರ್ಧ ಮನೆತನ ಕಳೆದುಹೋಗುತ್ತದೆ. ತಂದೆಯ ಹೆಸರು, ಪಲ್ಟನ್ನು ಸ್ಪಷ್ಟವಾಗಿರುತ್ತವೆ. ತಾಯಿ ಭಾರತೀಯಳಾದರೆ ಎಷ್ಟೋ ಕಡೆ ಬರೇ ಕ್ರೈಸ್ತ ಹೆಸರು, ಕೆಲವೆಡೆ ಅದೂ ಇಲ್ಲ. ಹಾಗಾದರೆ ಪಲ್ಟನಿನ ಹಾಜರಿಪಟ್ಟಿಯೇ ವಾಸಿಯಲ್ಲವೇ ಎನ್ನಬಹುದು. ಸಂಬಳದ ಲೆಕ್ಕಕ್ಕೆಂದು ಬರೆದ ಆ ಪಟ್ಟಿ ಅವನು ಎಲ್ಲಿದ್ದ ಎಂಬುದನ್ನು ಹೇಳೀತು. ಯಾರೊಡನೆ ಬಾಳಿದ ಎಂಬುದು ಅದಕ್ಕೆ ಬೇಕಿರಲಿಲ್ಲ. ಅವಳ ಸುಳಿವು ಸಿಕ್ಕರೆ ಉಯಿಲಿನಲ್ಲೇ: ಆಸ್ತಿ ಕೊಡಬೇಕಾದಾಗ ಹೆಸರು ಮುಚ್ಚಿಡುವುದು ಕಷ್ಟ. ಸಾಮಾನ್ಯ ಸೈನಿಕರ ಉಯಿಲು ಅಪರೂಪ, ನಿಜ. ಇದ್ದಲ್ಲಿ ಮಾತ್ರ ಮೊದಲು ಅದನ್ನೇ ಓದಬೇಕು.